ಮಾರುವವನ ಮಸ್ಟಾಂಗು

ಭಾರತದಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವನಿಗೆ ಮೊದಲ ತೊಡಕೇ ದೊಡ್ಡದು. ಕೊಳ್ಳೋಣವೆಂದರೆ ಕಾರೇ ಇಲ್ಲ. ನಾವು ಮಾಡಿದ್ದರೆ ತಾನೇ ಇರುವುದು?

ಮಾಡಲೇ ಇಲ್ಲ ಅಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಸರಿ, ಮಾಡಿದೆವು. 1982ರಲ್ಲಿ ಬೆಂಗಳೂರಿನ ಸಿಪಾನಿಯವರು ಡಾಲ್ಫಿನ್ ತಂದರು. ಎರಡು ಬಾಗಿಲು, ಫೈಬರ್ ಮೈ, 848 ಸಿಸಿ. ರ‍್ಯಾಲಿಗಳಲ್ಲಿ ಮಿಂಚಿತು. ಮಾರುತಿ ಬಂದ ಮೇಲೆ ಕೇಳುವವರಿಲ್ಲದಾಯಿತು. 1998ರಲ್ಲಿ ಬೆಂಗಳೂರು ಮೂಲದ್ದೇ ಇನ್ನೊಂದು ಕಂಪನಿ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಮಾಡಿತು. ಎರಡೇ ಸೀಟು, ರೆನೋ ಎಂಜಿನ್, ಮಡಚುವ ಟಾಪು. ನಮ್ಮವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅತ್ತೆ ಮಾವ ಎಲ್ಲಿ ಕೂರ್ತಾರೆ?" ಅಂದರು. ಅಲ್ಲಿಗೆ ಅದರ ಕತೆಯೂ ಮುಗಿಯಿತು.

ಇಲ್ಲದ್ದನ್ನು ಇದೆ ಎಂದು ಸಾಧಿಸುವುದರಲ್ಲಿ ಮಾತ್ರ ನಮ್ಮನ್ನು ಮೀರಿಸುವವರಿಲ್ಲ. ಆದ್ದರಿಂದ ಎಲ್ಲರೂ ಸೇರಿ ಕಾಂಟೆಸ್ಸಾವನ್ನು ಸ್ಪೋರ್ಟ್ಸ್ ಕಾರು ಎಂದು ಘೋಷಿಸಿಬಿಟ್ಟಿದ್ದೇವೆ. "ಇಂಡಿಯನ್ ಮಸಲ್ ಕಾರ್ ಸಾರ್ ಅದು!" ಹಾಗೆ ಹೇಳುವಾಗ ಕೆಲವರ ಕಣ್ಣಲ್ಲಿ ನೀರಾಡುವುದನ್ನೂ ಕಂಡಿದ್ದೇನೆ.

ಇವರಲ್ಲಿ ಮುಕ್ಕಾಲು ಪಾಲು ಜನ ಅದನ್ನು ಓಡಿಸಿದವರಲ್ಲ. ಓಡಿಸಿದವರ ಕಣ್ಣಲ್ಲೂ ನೀರು ಬರುತ್ತಿತ್ತು. ಕಾರಣ ಬೇರೆ.

ಕಾಂಟೆಸ್ಸಾದ ಜಾತಕ ನೋಡಿ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ತನ್ನ ವಿಕ್ಟರ್ ಕಾರಿನ ಕೊನೆಯ ಅವತಾರ ಬಿಟ್ಟಿತು. ಅಲ್ಲಿಯವರಿಗೆ ಅಷ್ಟೇನೂ ಹಿಡಿಸಲಿಲ್ಲ. 1978ರಲ್ಲಿ ನಿಲ್ಲಿಸಿದರು. ಅವರಿಗೆ ಬೇಡವಾದ ಅಚ್ಚುಗಳನ್ನು ಹಿಂದುಸ್ಥಾನ್ ಮೋಟರ್ಸ್ ಕೊಂಡು ಬಂಗಾಳದ ಉತ್ತರಪಾರಾಕ್ಕೆ ತಂದಿತು. 1984ರಲ್ಲಿ ಕಾಂಟೆಸ್ಸಾ ಬೀದಿಗಿಳಿಯಿತು. ಮೂತಿ ನೋಡಿದರೆ ಅಮೆರಿಕ. ಬಾನೆಟ್ ಎತ್ತಿದರೆ ಅಂಬಾಸಿಡರ್. ಅದೇ 1489 ಸಿಸಿ ಎಂಜಿನ್. ಹೆಚ್ಚೆಂದರೆ 50 ಅಶ್ವಶಕ್ತಿ. ಟನ್ನು ಮೀರಿದ ಕಬ್ಬಿಣ ಎಳೆಯಲು ಐವತ್ತು ಕುದುರೆ, ಅವೂ ಪಿಂಚಣಿ ವಯಸ್ಸಿನವು.

ಸಿನಿಮಾಗಳಲ್ಲಿ ಖಳನಾಯಕ ಇದರಲ್ಲೇ ಪರಾರಿಯಾಗುತ್ತಿದ್ದ. ನಾಯಕ ಓಡಿಕೊಂಡು ಹೋಗಿ ಹಿಡಿಯುತ್ತಿದ್ದ. ನಾವು ನಾಯಕನ ಪರಾಕ್ರಮಕ್ಕೆ ಶಿಳ್ಳೆ ಹೊಡೆದೆವು.

ತಮಾಷೆಯೆಂದರೆ ಆ ಎಂಜಿನ್ನಿನ ಕುಲ ಕೆಟ್ಟದ್ದಲ್ಲ. 1955ರಲ್ಲಿ ಬ್ರಿಟನ್ನಿನ ಎಂಜಿ ಕಂಪನಿ ಎಂಜಿಎ ಎಂಬ ಅಪ್ಪಟ ಸ್ಪೋರ್ಟ್ಸ್ ಕಾರು ತಂದಾಗ ಅದರೊಳಗಿದ್ದದ್ದೂ ಇದೇ ಬಿ-ಸೀರೀಸ್ ಮನೆತನದ 1489 ಸಿಸಿ ಎಂಜಿನ್ನೇ. ಅವರು ಎರಡು ಕಾರ್ಬುರೇಟರ್ ಕೂರಿಸಿ ಹುರಿದುಂಬಿಸಿದರು. ನಾವು ಒಂದನ್ನು ಕೂರಿಸಿ ಮೂವತ್ತು ವರ್ಷ ಹಾಗೇ ಬಿಟ್ಟೆವು. ಎಂಜಿ ಹೆಸರು ಈಗ ಚೀನಾದ ಸೈಕ್ ಕಂಪನಿಯ ಆಸ್ತಿ. ಭಾರತದಲ್ಲಿ ಅದರ ಜತೆಗೆ ನಮ್ಮ ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಜೆಎಸ್‌ಡಬ್ಲ್ಯು. ಚೀನಾ ಮಾಲು ಮುಟ್ಟಬೇಡಿ ಎಂದು ಅಪಾರ್ಟ್‌ಮೆಂಟಿನಲ್ಲಿ ಭಾಷಣ ಬಿಗಿಯುವವರು ಎಂಜಿಯಲ್ಲೇ ಹಾಲು ತರಲು ಹೋಗುತ್ತಾರೆ. ಅದು ಬ್ರಿಟಿಷ್ ಕಾರಂತೆ. ಇರಲಿ ಬಿಡಿ.

ಕೆಲ ವರ್ಷ ಕಳೆದ ಮೇಲೆ ಹಿಂದುಸ್ಥಾನ್ ಮೋಟರ್ಸಿಗೇ ನಾಚಿಕೆಯಾಯಿತು. ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ತಂದು ಕೂರಿಸಿದರು. ಐದು ಗೇರು ಕೊಟ್ಟರು. ಹಿಂದೆ 'ಕ್ಲಾಸಿಕ್' ಎಂದು ಬರೆದರು. ಆಮೇಲೆ ಡೀಸೆಲ್ಲೂ ಬಂತು. ಇಂಗ್ಲೆಂಡಿನ ಮೈ, ಜಪಾನಿನ ಎದೆ, ಬಂಗಾಳದ ಕೈ. 2002ರಲ್ಲಿ ಕಾಂಟೆಸ್ಸಾಕ್ಕೆ ಬಾಗಿಲು ಹಾಕಿದರು.

ಈಗ ಹೇಳಿ, ಕಾಂಟೆಸ್ಸಾವನ್ನು ಮೊದಲು ಮಾಡಿಫೈ ಮಾಡಿದವರು ಯಾರು? ಮಾಡಿದವರೇ. ಅವರು ಎಂಜಿನ್ ಬದಲಿಸಿದರೆ ಹೊಸ ಮಾಡೆಲ್. ನಾನು ಬದಲಿಸಿದರೆ ಕೇಸು.

ಇಷ್ಟೆಲ್ಲ ಗೊತ್ತಿದ್ದೂ ಒಂದು ಕಾಂಟೆಸ್ಸಾ ನೋಡಲು ಹೋದೆ. ಆಸೆಗೆ ಬುದ್ಧಿಯ ಲೈಸೆನ್ಸ್ ಬೇಕಿಲ್ಲ. ಜತೆಗೆ ಹಳೆ ಕಾರುಗಳ ಕ್ಲಬ್ಬಿನ ಹಿರಿಯರೊಬ್ಬರನ್ನು ಕರೆದುಕೊಂಡಿದ್ದೆ. ಬೋಲ್ಟಿನ ತಲೆ ನೋಡಿ ಅದು ಯಾವ ವರ್ಷದ್ದು ಎಂದು ಹೇಳುವ ಮನುಷ್ಯ. ಅವರ ಬಳಿಯೂ ಒಂದು ಕಾಂಟೆಸ್ಸಾ ಇದೆ. ಅಪ್ಪಟ. ಹೊರರಾಜ್ಯದಿಂದ ತಂದದ್ದು. ಕಾಗದಪತ್ರ ಮಾತ್ರ ಸ್ವಲ್ಪ ಹೆಚ್ಚುಕಮ್ಮಿ.

ಮೈಸೂರು ರಸ್ತೆಯಿಂದ ಒಳಗೆ ತಿರುಗಿದರೆ ಒಂದು ತಗಡಿನ ಶೆಡ್. ಅದರೊಳಗೆ 1986ರ ಗಾಡಿ. ಆರ್‌ಸಿಯಲ್ಲಿ ಬಿಳಿ. ಕಣ್ಣೆದುರು ಕಿತ್ತಳೆ. ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ. ಚಕ್ರದ ಮೇಲೆ ಫೈಬರಿನ ಊದಿದ ಕೆನ್ನೆಗಳು. ಡಿಕ್ಕಿಯ ಮೇಲೆ ಬಟ್ಟೆ ಒಣಹಾಕಬಹುದಾದ ಸ್ಪಾಯ್ಲರು. ಮಾಡು ಕೊರೆದು ಕೂರಿಸಿದ ಸನ್‌ರೂಫ್, ಅದರ ಸುತ್ತ ಸಿಲಿಕೋನ್ ಗಂಜಿ. ಗ್ರಿಲ್ಲಿನ ನಡುವೆ ಓಡುವ ಕುದುರೆ. ಫೋರ್ಡಿನ ಮಸ್ಟಾಂಗ್ ಕುದುರೆ. ಗುಜರಿಯಲ್ಲಿ ಸಿಕ್ಕಿತಂತೆ.

"ಇಂಡಿಯನ್ ಮಸ್ಟಾಂಗ್ ಸಾರ್," ಅಂದ ಮಾರುವವನು. "ಆರು ಲಕ್ಷ. ಪ್ಯಾಷನ್ ಇರೋರಿಗೆ ಮಾತ್ರ ಕೊಡ್ತೀನಿ."

ಪ್ಯಾಷನ್ ಇಲ್ಲದವರು ಆರು ಲಕ್ಷಕ್ಕೆ ಓಡುವ ಕಾರು ಕೊಳ್ಳುತ್ತಾರೆ. ಅದಂತೂ ನಿಜ.

ಬಾನೆಟ್ ಎತ್ತಿದ. ಪೆಟ್ರೋಲ್ ಎಂಜಿನ್ ಇರಬೇಕಾದ ಕಡೆ ಯಾವುದೋ ಎಸ್‌ಯುವಿಯ ಟರ್ಬೊ ಡೀಸೆಲ್. ಆರ್‌ಸಿಯಲ್ಲಿ ಇನ್ನೂ ಪೆಟ್ರೋಲ್, 1489 ಸಿಸಿ. "ಎಫ್‌ಸಿ ಆಗಿದೆಯಾ?" ಅಂದೆ. "ಕ್ಲೀನಾಗಿ ಆಗಿದೆ ಸಾರ್, ಹೋದ್ಸಲ." ಡೀಸೆಲ್ ಹೊಗೆ ಉಗುಳುವ ಪೆಟ್ರೋಲ್ ಕಾರು ತಪಾಸಣೆಯಲ್ಲಿ ಪಾಸಾಗಿದೆ. ಪರೀಕ್ಷಿಸಿದವರು ಬಾನೆಟ್ ಎತ್ತಿರಲಿಕ್ಕಿಲ್ಲ. ಬೇರೇನೋ ಎತ್ತಿರಬೇಕು.

ಬ್ರೇಕ್ ಕೇಳಿದೆ. "ಬ್ರೇಕ್ ಒರಿಜಿನಲ್ ಸಾರ್, ಮುಟ್ಟಿಲ್ಲ," ಅಂದ, ಹೆಮ್ಮೆಯಿಂದ. ಓಡಿಸಲು ಬೇಕಾದದ್ದೆಲ್ಲ ಬದಲಿಸಿದ್ದಾನೆ. ನಿಲ್ಲಿಸಲು ಬೇಕಾದದ್ದನ್ನು ಪರಂಪರೆಗೆ ಬಿಟ್ಟಿದ್ದಾನೆ.

ಹಿರಿಯರು ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದರು. ಫೆಂಡರಿಗೆ ಹಿಡಿದರು. ಬಿತ್ತು. ಬಾಗಿಲ ಕೆಳಗೆ ಹಿಡಿದರು. ಬಿತ್ತು. ಮಾಡಿಗೆ ಹಿಡಿದರು, ಅಂಟಿತು. ಮಾಡಿನ ಮಟ್ಟಕ್ಕೆ ಇದು ಉಕ್ಕಿನ ಕಾರು. ಉಳಿದದ್ದು ಪುಟ್ಟಿ.

ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದೆ. ತುಕ್ಕು ತಿಂದು ತಗಡಿನಲ್ಲಿ ಅಂಗೈಯಗಲದ ತೂತು. ಅದಕ್ಕೆ ಫ್ಲೆಕ್ಸ್ ಕತ್ತರಿಸಿ ಅಂಟಿಸಿದ್ದರು. ಯಾವುದೋ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್. ಅರ್ಧ ಮೀಸೆ, ಮುಗಿದ ಕೈ, 'ಅಭಿವೃದ್ಧಿಯ ಹರಿ' ಎಂಬಲ್ಲಿಗೆ ಕತ್ತರಿ ಬಿದ್ದಿತ್ತು. ಹರಿಕಾರರು ಈ ನಾಡಿನ ತೂತುಗಳನ್ನು ಮುಚ್ಚಿದ್ದಕ್ಕೆ ಕೊನೆಗೂ ಒಂದು ಸಾಕ್ಷಿ ಸಿಕ್ಕಿತು.

"ಥೂ," ಅಂದರು ಹಿರಿಯರು. "ಪಾಪಿಗಳು. ಒಂದು ಕ್ಲಾಸಿಕ್ಕನ್ನ ಕೊಲೆ ಮಾಡಿದಾರೆ. ಒರಿಜಿನಲ್‌ಗೆ ತರೋದಾದ್ರೆ ತಗೋ. ಇಲ್ಲಾಂದ್ರೆ ಬೇಡ."

ಒರಿಜಿನಲ್‌ಗೆ ತರುವುದೆಂದರೆ ಏನು ಎಂಬುದನ್ನು ನಾನು ಮನೆಗೆ ಬಂದು ಯೋಚಿಸಿದೆ. ಯಾವನೋ ಒಬ್ಬ ಕೈಯಿಂದ ಲಕ್ಷಗಟ್ಟಲೆ ಹಾಕಿ ಒಂದು ನಿಧಾನದ ಕಾರನ್ನು ಸ್ವಲ್ಪ ವೇಗದ್ದು ಮಾಡಿದ್ದಾನೆ. ನಾನು ಅದರ ಎರಡರಷ್ಟು ಹಾಕಿ ಅದನ್ನು ಮತ್ತೆ ನಿಧಾನದ್ದು ಮಾಡಬೇಕು. ಗಟ್ಟಿ ಎಂಜಿನ್ ಕಿತ್ತು ಗುಜರಿಗೆ ಹಾಕಬೇಕು. ಗುಜರಿಯಿಂದ 50 ಅಶ್ವಶಕ್ತಿಯ ಮುದುಕನನ್ನು ಹುಡುಕಿ ತಂದು ಕೂರಿಸಬೇಕು. ಇದಕ್ಕೆ ರೆಸ್ಟೊರೇಷನ್ ಎಂದು ಹೆಸರು. ಇದನ್ನು ಮಾಡಿದವನಿಗೆ ಕಪ್ಪು ಕನ್ನಡಕದ ಅತಿಥಿಯೊಬ್ಬರ ಕೈಯಲ್ಲಿ ಕಪ್ಪು ಕೊಡಿಸುತ್ತಾರೆ.

ಶುದ್ಧಾಚಾರದ ಹಿರಿಯರ ಕಾರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಡ್ಯಾಷ್‌ಬೋರ್ಡಿನ ಕೆಳಗೆ ಹೊಸ ಹ್ಯಾಚ್‌ಬ್ಯಾಕಿನ ಎಸಿ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್. ಹಳೆ ರೇಡಿಯೊ ಡಬ್ಬಿಯೊಳಗೆ ಬ್ಲೂಟೂತ್. ಕೇಳಿದರೆ, "ಅದು ಕಾಣಿಸಲ್ಲವಲ್ಲ." ಕಾಣಿಸದ ಮೈಲಿಗೆ ಮೈಲಿಗೆಯಲ್ಲ. ಈ ಶಾಸ್ತ್ರ ನಮಗೆ ಹೊಸದೇನೂ ಅಲ್ಲ.

ಇನ್ನು ಕಾನೂನು. ಅದರ ಮುಂದೆ ಹಿರಿಯರು ಉದಾರವಾದಿ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ: ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಅದನ್ನೇ ಒತ್ತಿ ಹೇಳಿತು. ಬಣ್ಣ, ಚಿಲ್ಲರೆ ಅಲಂಕಾರ ಬಿಟ್ಟರೆ ಕೈ ಹಾಕುವಂತಿಲ್ಲ. ಅದೇ ವರ್ಷದ ತಿದ್ದುಪಡಿ ಇನ್ನೂ ಖಾರ. ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶೆಡ್ಡಿನ ಕಾರಿನ ಬದಲಾವಣೆ ಎಣಿಸಲು ಹೋದೆ. ಎರಡೂ ಕೈಯ ಬೆರಳು ಮುಗಿದವು, ಇನ್ನೂ ಡಿಕ್ಕಿ ತೆರೆದಿರಲಿಲ್ಲ.

ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ಆ ಡೀಸೆಲ್ ಎಂಜಿನ್ನು, ಆ ಮುಟ್ಟದ ಬ್ರೇಕು ಹೊಸೂರು ರಸ್ತೆಯಲ್ಲಿ ನನ್ನ ಹಿಂದೆಯೇ ಬರುವುದು ನನಗೂ ಬೇಡ. ನನ್ನ ತಕರಾರು ಇಷ್ಟೇ. ಈ ಕಾನೂನಿಗೆ ಕಣ್ಣು ಎರಡಿವೆ, ಒಂದನ್ನು ಸದಾ ಮುಚ್ಚಿಕೊಂಡಿರುತ್ತದೆ.

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಪೊಲೀಸರು ಹುಡುಗರ ಬೈಕಿನ ಸೈಲೆನ್ಸರ್ ಕಿತ್ತು ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹತ್ತಿಸುತ್ತಾರೆ. ಫೋಟೊ ಬರುತ್ತದೆ. ಚಪ್ಪಾಳೆ ಬೀಳುತ್ತದೆ. ಆ ಸಮಾರಂಭಕ್ಕೆ ಬರುವ ಗಣ್ಯರ ಗಾಡಿ ನೋಡಿದ್ದೀರಾ? ಗಾಜಿಗೆ ಕಪ್ಪು ಫಿಲ್ಮ್. ಅದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ಬೇಡವೆಂದಿತ್ತು. ಮುಂದೆ ಕಬ್ಬಿಣದ ಬುಲ್ ಬಾರ್. ಅದನ್ನು ಕೇಂದ್ರ ಸರ್ಕಾರ 2017ರಲ್ಲಿ ತೆಗೆಸಿ ಎಂದಿತ್ತು. ಜತೆಗೆ ಹೂಟರ್, ನಂಬರ್ ಪ್ಲೇಟಿಗಿಂತ ದೊಡ್ಡ ಪದನಾಮ. ಒಂದೊಂದಕ್ಕೆ ಐದು ಸಾವಿರದಂತೆ ಯಾರಾದರೂ ಲೆಕ್ಕ ಹಾಕಲಿ. ಹಾಕುವುದಿಲ್ಲ. ರೋಲರ್ ಡ್ರೈವರಿಗೂ ಹೆಂಡತಿ ಮಕ್ಕಳಿದ್ದಾರೆ.

ಇನ್ನೊಂದು ವಿನೋದ. ನಾನು ಪೆಟ್ರೋಲ್ ಎಂಜಿನ್ ತೆಗೆದು ಬೇರೆ ಪೆಟ್ರೋಲ್ ಎಂಜಿನ್ ಹಾಕಿದರೆ ಅಪರಾಧಿ. ಇಡೀ ಎಂಜಿನ್ನನ್ನೇ ಕಿತ್ತೆಸೆದು, ಅನುಮೋದಿತ ಕಿಟ್ಟಿನ ಬ್ಯಾಟರಿ ಮೋಟರು ಹಾಕಿಸಿದರೆ ಪರಿಸರಪ್ರೇಮಿ. 2016ರಿಂದಲೇ ಅದಕ್ಕೆ ನಿಯಮವಿದೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಮಲಗಿಸಿಕೊಂಡರೂ ಸರಿಯೇ. ಶೋರೂಮಿನವರು ಹೊಸ ಕಾರಿಗೆ ಅಂಟಿಸುವ ಕ್ರೋಮು, ಸ್ಕರ್ಟು, ಸ್ಪಾಯ್ಲರು ಎಲ್ಲವೂ ಆ್ಯಕ್ಸೆಸರಿ, ಜಿಎಸ್‌ಟಿ ಸಮೇತ. ಅದನ್ನೇ ಗ್ಯಾರೇಜಿನವನು ಅಂಟಿಸಿದರೆ ಆಲ್ಟರೇಷನ್.

ವಯಸ್ಸಿನ ಲೆಕ್ಕಕ್ಕೆ ಬನ್ನಿ. ಈ ದೇಶದಲ್ಲಿ ಕಾರು ಮುದಿಯಾಗುವ ರೀತಿಯೇ ವಿಚಿತ್ರ.

15 ವರ್ಷ ದಾಟಿತೋ, ಅನುಮಾನ ಶುರು. ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000. 20 ವರ್ಷ ದಾಟಿತೋ, ಪಾಪಿ. 2025ರ ಆಗಸ್ಟ್‌ನಿಂದ 10,000. ಐದು ವರ್ಷಕ್ಕೊಮ್ಮೆ. ಇಷ್ಟು ಹೊತ್ತಿಗೆ ಗಾಡಿ ಗುಜರಿಗೆ ಹೋಗಬೇಕೆಂಬುದು ಸರ್ಕಾರದ ಆಸೆ. ಪರಿಸರದ ಕಾಳಜಿಯಂತೆ.

ಅದೇ ಗಾಡಿ ಹೇಗೋ ತೆವಳಿಕೊಂಡು 50 ದಾಟಲಿ. ಒಮ್ಮೆಗೇ ಪರಂಪರೆ! 2021ರ ಜುಲೈನ ನಿಯಮ. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷದ ನೋಂದಣಿ, ನಂಬರಿನ ನಡುವೆ 'ವಿಎ' ಎಂಬ ಎರಡಕ್ಷರದ ಪದಕ. ನಲವತ್ತೊಂಬತ್ತರಲ್ಲಿ ಹೊಗೆ, ಐವತ್ತರಲ್ಲಿ ಧೂಪ.

ಷರತ್ತುಗಳೂ ಇವೆ. ಚಾಸಿ, ಮೈ, ಎಂಜಿನ್ನಿಗೆ ದೊಡ್ಡ ಬದಲಾವಣೆ ಆಗಿರಕೂಡದು. ದಿನಬಳಕೆಗೆ ಓಡಿಸಕೂಡದು. ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ವಿಂಟೇಜ್ ರ‍್ಯಾಲಿಗೆ, ರಿಪೇರಿಗೆ, ಇಂಧನ ತುಂಬಿಸಲು ರಸ್ತೆಗಿಳಿಸಬಹುದು. ಮತ್ತೆ ಓದಿದೆ. ಇಂಧನ ತುಂಬಿಸಲು ಓಡಿಸಬಹುದು. ಖಾಲಿ ಮಾಡಲು ಓಡಿಸುವಂತಿಲ್ಲ.

ಶೆಡ್ಡಿನ ಕಾಂಟೆಸ್ಸಾಕ್ಕೆ 50 ತುಂಬುವುದು 2036ರಲ್ಲಿ. ಅಲ್ಲಿಯವರೆಗೆ ಅದು ಪಾಪಿಯಾಗಿಯೇ ದಂಡ ಕಟ್ಟಬೇಕು. ಆ ದಿನ ಬಂದಾಗಲೂ ಎಂಜಿನ್ ಬದಲಾಗಿದೆಯೆಂದು ಬಾಗಿಲಲ್ಲೇ ತಡೆಯುತ್ತಾರೆ. ನಾನು ಮುದುಕನನ್ನು ವಾಪಸ್ ಕೂರಿಸಿದರೆ? ಅದೂ ಇನ್ನೊಂದು ಬದಲಾವಣೆ. ಎಂಜಿನ್ ನಂಬರ್ ಬೇರೆ. ಮಾಡಿದ ತಪ್ಪನ್ನು ತಿದ್ದುವುದಕ್ಕೂ ಅನುಮತಿ ಬೇಕು. ಅನುಮತಿ ಕೇಳಬೇಕಾದರೆ ತಪ್ಪು ಒಪ್ಪಿಕೊಳ್ಳಬೇಕು. ತಪ್ಪು ಮಾಡಿದವನು ನಾನಲ್ಲ, ಹಿಂದಿನ ಮಾಲೀಕ. ಅವನೂ ಅಲ್ಲವಂತೆ, ಅವನ ಹಿಂದಿನವನು. ಅವನು ದುಬೈಯಲ್ಲಿದ್ದಾನೆ.

ಇಷ್ಟು ಮಡಿವಂತಿಕೆಯಿಂದ ಕಾಯುವ ಆ ಪರಂಪರೆಯಾದರೂ ಏನು?

ಎರಡನೇ ಮಹಾಯುದ್ಧದವರೆಗೆ ರೋಲ್ಸ್‌ರಾಯ್ಸ್ ಕಂಪನಿ ಪೂರ್ತಿ ಕಾರು ಮಾರುತ್ತಲೇ ಇರಲಿಲ್ಲ. ಚಾಸಿ, ಎಂಜಿನ್, ಚಕ್ರ ಇಷ್ಟು ಕೊಡುತ್ತಿತ್ತು. ಮೈ ಕಟ್ಟುವವರು ಬೇರೆ. ದುಡ್ಡಿದ್ದವನ ಖಯಾಲಿ ಹೇಗೋ ಹಾಗೆ. ತಯಾರಕರು ಕೊಟ್ಟದ್ದೇ ಮೂಲ ಎಂದು ಹಿಡಿದರೆ ಅರಮನೆಗಳ ಕಾರುಗಳನ್ನೆಲ್ಲ ಮೈ ಕಳಚಿ ಬತ್ತಲೆ ಚಾಸಿಯಲ್ಲಿ ನಿಲ್ಲಿಸಬೇಕಾಗುತ್ತದೆ.

ಕೋಟಾದ ಮಹಾರಾವ್ 1925ರಲ್ಲಿ ಹುಲಿ ಬೇಟೆಗೆಂದೇ ಒಂದು ರೋಲ್ಸ್‌ರಾಯ್ಸ್ ಕಟ್ಟಿಸಿಕೊಂಡರು. ಸರ್ಚ್‌ಲೈಟು, ಬಂದೂಕಿನ ಗೂಡು, ಮೆಷಿನ್ ಗನ್ನು ಸಮೇತ. ಇದು ಪರಂಪರೆ, ಹರಾಜಿಗೆ ಬಂದಾಗ ಜಗತ್ತೇ ಬಾಯಿ ಬಿಟ್ಟು ನೋಡಿತು. 1910ರಲ್ಲಿ ಕಲ್ಕತ್ತೆಯ ಬ್ರಿಟಿಷ್ ಶ್ರೀಮಂತನೊಬ್ಬ ಹಂಸದ ಆಕಾರದ ಕಾರು ಮಾಡಿಸಿದ. ಕೊಕ್ಕಿನಿಂದ ನೀರು ಚಿಮ್ಮಿಸಿ ಜನರನ್ನು ಚದುರಿಸುತ್ತಿತ್ತು. ಹಿಂಬದಿಯಿಂದ ಸುಣ್ಣದ ನೀರನ್ನು ಹಿಕ್ಕೆಯ ಹಾಗೆ ರಸ್ತೆಗೆ ಹಾಕುತ್ತಿತ್ತು. ಅದೀಗ ನೆದರ್‌ಲೆಂಡ್ಸಿನ ಹೇಗ್ ನಗರದ ಲೌಮನ್ ಮ್ಯೂಸಿಯಂನಲ್ಲಿ ಪೂಜೆ ಮಾಡಿಸಿಕೊಳ್ಳುತ್ತಿದೆ. ಮೆಷಿನ್ ಗನ್ ಕಟ್ಟಿದರೂ ಹಿಕ್ಕೆ ಹಾಕಿಸಿದರೂ ರಾಜ, ದೊರೆ ಮಾಡಿಸಿದರೆ ಕಲೆ. ಕಿತ್ತಳೆ ಬಣ್ಣ ಬಳಿದು ಸ್ಪಾಯ್ಲರ್ ಹಾಕಿದ ಬಿಡದಿಯ ಹುಡುಗನದು ಕೊಳಕು ಅಭಿರುಚಿ.

ಕೊಳಕು ಹೌದು. ನಾನೇ ನೋಡಿದೆನಲ್ಲ. ಆದರೆ ಹಂಸಕ್ಕಿಂತ ಕೊಳಕಲ್ಲ.

ಹಾಗಂತ ಮಾಡಿಫೈ ಮಾಡುವ ಶೂರರ ಪರ ವಕಾಲತ್ತು ವಹಿಸಲೂ ನನಗೆ ಮನಸ್ಸಿಲ್ಲ. ಅವರ ಬಾಯಲ್ಲಿ ಸದಾ ಟೊಯೋಟಾ ಸುಪ್ರಾದ 2ಜೆಝಡ್ ಎಂಜಿನ್ನಿನ ಜಪ. ಮೂರು ಲೀಟರ್, ಆರು ಸಿಲಿಂಡರ್. ಹಾಫ್‌ಕಟ್, ಅಂದರೆ ಎಂಜಿನ್ ಇರುವ ಅರ್ಧ ಕಾರು, ತರಿಸಬೇಕು, ಕಾಂಟೆಸ್ಸಾಕ್ಕೆ ಕೂರಿಸಬೇಕು, ಮುನ್ನೂರು ಕುದುರೆ ಎಬ್ಬಿಸಬೇಕು. ಎಲ್ಲಿಗೆ? ಸಿಲ್ಕ್ ಬೋರ್ಡಿಗೆ. ಅಲ್ಲಿ ಮುನ್ನೂರು ಕುದುರೆಯೂ ಐವತ್ತು ಕುದುರೆಯೂ ಒಂದೇ ಬಿಎಂಟಿಸಿ ಬಸ್ಸಿನ ಹಿಂಬದಿಯ ಜಾಹೀರಾತು ಓದುತ್ತಾ ನಿಂತಿರುತ್ತವೆ. ರಾತ್ರಿ ರಸ್ತೆ ಖಾಲಿಯಾದಾಗ ಎಬ್ಬಿಸುತ್ತಾರೆ. ಬೆಳಿಗ್ಗೆ ಮೀಡಿಯನ್ನಿನಲ್ಲಿ ಬಂಪರ್ ಬಿದ್ದಿರುತ್ತದೆ. ಇನ್ಶೂರೆನ್ಸ್ ಕೇಳಿದರೆ ಕಂಪನಿಯವರು ಬಾನೆಟ್ ಎತ್ತಿ ನೋಡುತ್ತಾರೆ. ಈ ದೇಶದಲ್ಲಿ ತಪ್ಪದೆ ಬಾನೆಟ್ ಎತ್ತುವವರು ಅವರೊಬ್ಬರೇ.

ಇಷ್ಟಾದರೂ ಲೆಕ್ಕ ಹಾಕಿ ನೋಡೋಣವೆಂದು ಒಬ್ಬ ಟಿಂಕರಿಂಗ್ ಮೇಸ್ತ್ರಿಯನ್ನು ಕೇಳಿದೆ. ಆತ ಫೋಟೊ ನೋಡಿ ನಕ್ಕ. "ಪುಟ್ಟಿ ಕೆರೆದ ಮೇಲೆ ಏನು ಉಳಿಯುತ್ತೋ ನೋಡಿ ಹೇಳ್ತೀನಿ." ಒಟ್ಟು ಎಷ್ಟಾಗಬಹುದು? "ಹಾಗೆಲ್ಲ ಹೇಳಕ್ಕಾಗಲ್ಲ ಸಾರ್, ಆಪರೇಷನ್ ಇದ್ದ ಹಾಗೆ." ಅಡ್ವಾನ್ಸ್ ಎಷ್ಟು ಎಂಬುದನ್ನು ಮಾತ್ರ ಹೇಳಲಾಯಿತು.

ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹಿಂದಿನ ದೀಪ ಕೇಳಿದೆ. "ಬರಲ್ಲ ಸಾರ್, ಬಂದಾಗಿ ಇಪ್ಪತ್ತು ವರ್ಷ ಆಯ್ತು." ಹೊರಟೆ. "ಟ್ಯಾಕ್ಸಿಗಾ, ಶೋಕಿಗಾ?" ಅಂದ. ಶೋಕಿಗೆ ಅಂದೆ. ಹುಡುಗ ಅಟ್ಟ ಹತ್ತಿದ. ದೀಪ ಬಂತು, ಪತ್ರಿಕೆಯಲ್ಲಿ ಸುತ್ತಿದ್ದು, ಧೂಳು ಸಮೇತ. ಬೆಲೆ ಕೇಳಿ ನನಗೆ ದೀಪ ಆರಿಹೋಯಿತು. ಜೋಡಿ ಅಂದುಕೊಂಡಿದ್ದೆ. ಒಂದಕ್ಕಂತೆ.

ಮುಂದಿನ ಗಾಜಿನ ರಬ್ಬರು, ಬಾಗಿಲ ಬೀಡಿಂಗು, ಕ್ರೋಮ್ ಪ್ಲೇಟಿಂಗು, ನೆಲದ ತಗಡು. ಕೂಡಿಸುತ್ತ ಹೋದೆ. ಕಾರಿನ ಬೆಲೆ ದಾಟಿತು. ಅದಕ್ಕೆ ತಕ್ಕ ಎಂಜಿನ್ನಿನ ಹತ್ತಿರ ಇನ್ನೂ ಬಂದಿರಲಿಲ್ಲ. ಕೊನೆಗೆ ಕೈಗೆ ಸಿಗುವುದೇನು? ಇಂಗ್ಲೆಂಡಿನವರಿಗೆ ಬೇಡವಾದ, ಮಾಡಿದವರೂ ಕೈಬಿಟ್ಟ, ಸರ್ಕಾರ ಗುಜರಿಗೆ ಹೋಗೆನ್ನುವ, ಹತ್ತು ವರ್ಷ ಕಾದರೆ ಪೆಟ್ರೋಲ್ ಬಂಕಿನವರೆಗೆ ಓಡಿಸಬಹುದಾದ ಗಾಡಿ.

ನಮ್ಮ ಮನೆಯವರು ಒಂದೇ ಪ್ರಶ್ನೆ ಕೇಳಿದರು. "ಎಲ್ಲಿ ನಿಲ್ಲಿಸ್ತೀರಾ?" ನಾಲ್ಕೂವರೆ ಮೀಟರಿನ ಗಾಡಿ. ನಮ್ಮ ಗೇಟಿನೊಳಗೆ ಅದರ ಮುಂಭಾಗ ಹಿಡಿಯುತ್ತದೆ. ಉಳಿದದ್ದು ಪಾಲಿಕೆಗೆ.

ಬೇಡವೆಂದು ತೀರ್ಮಾನಿಸಿದೆ. ಹಿರಿಯರಿಗೂ ಹೇಳಿದೆ. "ಒಳ್ಳೇದಾಯ್ತು ಬಿಡು," ಅಂದರು. "ಅದು ಕಾರಲ್ಲ, ಹೆಣ." ಯಾಕೋ ಮಾರುವವನ ನಂಬರು ಬೇಕೆಂದರು. ಬೈಯಲು ಇರಬೇಕೆಂದು ಕೊಟ್ಟೆ.

ಈ ದೇಶದಲ್ಲಿ ಗಾಡಿಗಿಂತ ಹೆಸರಿಗೆ ಗಿರಾಕಿ ಜಾಸ್ತಿ. ಅಂಬಾಸಿಡರ್ ಕಾರು 2014ರಲ್ಲಿ ನಿಂತಿತು. ಬರೀ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿಗೆ ಮಾರಿದರು. ಕಾಂಟೆಸ್ಸಾ ಹೆಸರೂ 2022ರಲ್ಲಿ ಬೇರೆಯವರ ಪಾಲಾಯಿತು. ಕಾರು ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಕೆಲ ದಿನ ಕಳೆದು ಮಾರುವವನೇ ಫೋನ್ ಮಾಡಿದ.

"ಸಾರ್, ನಿಮ್ಮ ಜತೆ ಬಂದಿದ್ರಲ್ಲ ದೊಡ್ಡೋರು, ಅವ್ರು ಬಂದು ತಗೊಂಡ್ರು."

"ಆ ಕಾರನ್ನಾ?"

"ಕಾರಲ್ಲ ಸಾರ್. ಆರ್‌ಸಿ, ಚಾಸಿ ಪ್ಲೇಟು, ನಂಬರ್ ಪ್ಲೇಟು. ಅವ್ರ ಗಾಡಿಗೆ ಬೇಕಿತ್ತಂತೆ. ಒಂದೂವರೆ ಲಕ್ಷ ಕೊಟ್ರು, ಚೌಕಾಸಿ ಕೂಡ ಮಾಡ್ಲಿಲ್ಲ. ಗಾಡಿ ಇಲ್ಲೇ ಇದೆ. ನಿಮಗೆ ಬೇಕಾದ್ರೆ ಐದೂವರೆಗೆ ಕೊಡ್ತೀನಿ. ಪೇಪರ್ ಒಂದಿಲ್ಲ, ಮಿಕ್ಕಿದ್ದೆಲ್ಲ ಹಾಗೇ ಇದೆ."